ಒನೊಫ್ರೆಯ ಮಗಳು ದೆಲ್ಫಿನಿಯಾ

ನಮ್ಮೂರು ಪ್ಲಾಸಿತಾ ಓಂದಾದಲ್ಲಿ ದೆಲ್ಫಿನಿಯಾ ಮೊಂದ್ರಾಗೋನ್ ಕೈಯಾಡಿಸದ ಮಣ್ಣಿನ ಗೋಡೆ ಒಂದೇ. ಅದು ಅವಳ ತಾಯಿಯ ಮನೆಯ ಮುಂಬಾಗಿಲಿನ ಎಡಕ್ಕಿರುವ ಗೋಡೆ. ಮಿಕ್ಕವನ್ನೆಲ್ಲ, ಇಗರ್ಜಿಯಿಂದ ಹಿಡಿದು ನನ್ನ ಕೋಳಿಗೂಡಿನವರೆಗೆ, ಮೂವತ್ತು ವರ್ಷ ಅವಳೇ ಗಿಲಾವು ಮಾಡಿದಳು. ಇಟ್ಟಿಗೆ ಕಟ್ಟುವುದು ನಮ್ಮಲ್ಲಿ ಗಂಡಸರ ಕೆಲಸ. ಅದರ ಮೇಲೆ ಮಣ್ಣು ಮೆತ್ತುವುದು ಹೆಂಗಸರದು. ಮಣ್ಣಿಗೆ ಎಷ್ಟು ಮರಳು, ಎಷ್ಟು ಗೋಧಿಹುಲ್ಲು ಎಂಬುದನ್ನು ದೆಲ್ಫಿನಿಯಾ ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡು ಹೇಳುತ್ತಿದ್ದಳು. ಬಾಯಲ್ಲಿ ಮಣ್ಣಿಟ್ಟುಕೊಂಡೇ ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದಳು. ಕೊನೆಯ ಪದರವನ್ನು ಕುರಿಯ ಉಣ್ಣೆಯ ತುಂಡಿನಿಂದ ತೀಡಿದರೆ ಗೋಡೆ ಬೆಂದ ರೊಟ್ಟಿಯ ಬಣ್ಣಕ್ಕೆ ತಿರುಗುತ್ತಿತ್ತು.

ಈ ಫೆಬ್ರವರಿಯಲ್ಲಿ ಅವಳು ಸತ್ತಳು. ಐವತ್ತು ತುಂಬಲು ಎರಡು ತಿಂಗಳಿತ್ತು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಬಗ್ಗೆ ಊರಲ್ಲಿ ಈಗ ಹೇಳುತ್ತಿರುವುದು ಪೂರ್ತಿ ನಿಜವಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಆ ಒಂದು ಗೋಡೆಯ ವಿಷಯ ಮೊದಲು ಹೇಳಬೇಕು.

ಅವಳ ಅಪ್ಪ ಒನೊಫ್ರೆ ನಮ್ಮ ಕಣಿವೆಯವನಲ್ಲ. ಕೊಲೊರಾಡೊ ಕಡೆಯಿಂದ ಕುರಿಯ ಉಣ್ಣೆ ಕತ್ತರಿಸಲು ಬಂದ ಅನಾಥ. ಹಿಂದೆ ಮುಂದೆ ಯಾರೂ ಇರಲಿಲ್ಲ. ರೊಸಾವ್ರಾ ವಾಯೆಹೋಸಳನ್ನು ಮದುವೆಯಾಗಿ ಇಲ್ಲೇ ಉಳಿದ. ವಾಯೆಹೋಸ್ ಮನೆತನ ಇಲ್ಲಿ ನಾನೂರು ವರ್ಷದ್ದು, ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ. ಒನೊಫ್ರೆ ಕುಡಿಯುತ್ತಿದ್ದ, ಅದು ಸುಳ್ಳಲ್ಲ. ದೆಲ್ಫಿನಿಯಾಗೆ ಹತ್ತೊಂಬತ್ತಾದ ವರ್ಷ, ಜೂನ್ ತಿಂಗಳಲ್ಲಿ ಸಂತ ಅಂತೋನಿಯ ಹಬ್ಬದ ದಿನ, ಊರಿನ ಭಕ್ತ ಗಂಡಸರ ಸಹೋದರ ಸಂಘದ ಎದುರು ಮಂಡಿಯೂರಿ ಒಂದು ವರ್ಷ ಮದ್ಯ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ನಮ್ಮಲ್ಲಿ ಕುಡುಕನನ್ನು ಯಾರೂ ದೂರ ಮಾಡುವುದಿಲ್ಲ, ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನೆ. ಆದರೆ ಸಂತನ ಮುಂದೆ ಆಣೆ ಮಾಡಿ ಮುರಿದವನಿಗೆ ಕ್ಷಮೆಯಿಲ್ಲ.

ಆಗಸ್ಟಿನ ಮೆರವಣಿಗೆಯಲ್ಲಿ ಒನೊಫ್ರೆ ಸಂಘದ ಬಾವುಟ ಹಿಡಿದಿದ್ದ. ಇಗರ್ಜಿಯ ಮೆಟ್ಟಿಲ ಬಳಿ ಅವನ ಬಲಗಾಲು ಎಳೆಯತೊಡಗಿತು. ಬಾವುಟದ ಜೊತೆ ಧೂಳಿಗೆ ಬಿದ್ದ. ಏನೋ ಹೇಳಲು ಹೋದ, ಮಾತು ತೊದಲಿತು. ರೊಸಾವ್ರಾಳ ಅಣ್ಣ ಕೊಸ್ಮೆ ಸಂಘದ ಹಿರಿಯ. ಅವನು ಬಗ್ಗಿ ಒನೊಫ್ರೆಯ ಬಾಯಿ ಮೂಸಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಪುದೀನ. ವಾಸನೆ ಮುಚ್ಚೋಕೆ ಪುದೀನ ಅಗಿದಿದಾನೆ."

ಹೊಟ್ಟೆನೋವಿಗೆ ನಾವೆಲ್ಲ ಪುದೀನ ಅಗಿಯುತ್ತೇವೆ. ಅವತ್ತು ಕೊಸ್ಮೆಯ ಬಾಯಲ್ಲೂ ಇದ್ದಿರಬಹುದು. ಆದರೆ ಆ ಮಾತಿನ ನಂತರ ಒನೊಫ್ರೆಯ ಬಾಯಿಂದ ಏನೂ ವಾಸನೆ ಬರದಿದ್ದರೂ ಅದೇ ಸಾಕ್ಷಿಯಾಯಿತು. ಮನೆಯಲ್ಲಿ ರೊಸಾವ್ರಾ ಗೂಡಿನಲ್ಲಿದ್ದ ಸಂತ ಅಂತೋನಿಯ ಮರದ ಬೊಂಬೆಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದಳು. ಕೇಳಿದ್ದನ್ನು ಕೊಡದ ಸಂತರಿಗೆ ನಮ್ಮ ಅಜ್ಜಿಯರು ಹಾಗೆಯೇ ಶಿಕ್ಷೆ ಕೊಡುತ್ತಿದ್ದರು. ಕೊಟ್ಟ ಮೇಲೆ ಮತ್ತೆ ಈ ಕಡೆ ತಿರುಗಿಸುತ್ತಿದ್ದರು. ಇನ್ನೊಮ್ಮೆ ತೂರಾಡುತ್ತ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಗಂಡನಿಗೂ ಹೇಳಿದಳು.

ನವೆಂಬರಿನಲ್ಲಿ ಅವನು ತೂರಾಡುತ್ತ ಬಂದ. ಮಧ್ಯಾಹ್ನ ಎರಡು ಗಂಟೆ, ಹಿಮ ಬೀಳುತ್ತಿತ್ತು. ಅಂಚೆ ಕಚೇರಿಯ ಕಿಟಕಿಯಿಂದ ನಾನೂ ನೋಡಿದೆ. ಬೇಲಿ ಹಿಡಿದು ನಡೆದ, ಆಮೇಲೆ ಬೇಲಿ ಬಿಟ್ಟು ಕೈಕಾಲೂರಿ ತೆವಳಿದ. ಕಿಟಕಿಯ ಬಳಿ ನಾವು ನಾಲ್ಕು ಜನ ಇದ್ದೆವು. ಯಾರೋ ಏನೋ ಅಂದರು, ನಕ್ಕೆವು. ರೊಸಾವ್ರಾ ಒಳಗಿನಿಂದ ಕಂಡು, ಅಗುಳಿ ಹಾಕು ಎಂದಳು. ಹಾಕಿದವಳು ದೆಲ್ಫಿನಿಯಾ. ಅವನು ಬಾಗಿಲಿನ ಕೆಳಭಾಗವನ್ನು ಉಗುರಿನಿಂದ ಕೆರೆದ. "ರೊಸಾವ್ರಾ, ನಾನು ಕುಡಿದಿಲ್ಲ" ಎಂದು ಮೂರು ಸಲ ಹೇಳಿದ, ಬಾಯಲ್ಲಿ ಉಣ್ಣೆ ತುರುಕಿದ ಹಾಗಿತ್ತಂತೆ ದನಿ. ನಾಲ್ಕು ಗಂಟೆಗೆ ಬಾಗಿಲು ತೆಗೆದಾಗ ಎಡಗಡೆಯ ಗೋಡೆಗೆ ಒರಗಿ ಕೂತಿದ್ದ. ಮೀಸೆಯ ಮೇಲಿನ ಹಿಮ ಕರಗದೆ ಹಾಗೇ ಇತ್ತು.

ಬಂದ ಅಧಿಕಾರಿ ಕಾಗದದ ಮೇಲೆ ಮದ್ಯ ಮತ್ತು ಚಳಿ ಎಂದು ಬರೆದು ಹೋದ. ಬಾಟಲಿ ಸಿಕ್ಕಿರಲಿಲ್ಲ. ಹಿಮ ಕರಗಲಿ, ಸಿಗುತ್ತೆ ಎಂದ ಕೊಸ್ಮೆ. ನಮ್ಮ ರಸ್ತೆಯಲ್ಲಿ ಹಿಮ ಕರಗಿದರೆ ಬಾಟಲಿ ಸಿಗದ ವಸಂತ ಯಾವುದು? ಸಿಕ್ಕಿತು. ಒನೊಫ್ರೆಯನ್ನು ಸ್ಮಶಾನದ ಬೇಲಿಯ ಪಕ್ಕ, ಶಿಲುಬೆಯಿಲ್ಲದೆ ಹೂತಿದ್ದಾಗಿತ್ತು. ಶುಭ ಶುಕ್ರವಾರ ಸಂಘದ ಪ್ರಾರ್ಥನಾಮನೆಯಲ್ಲಿ ಸತ್ತವರ ಹೆಸರು ಕರೆಯುವ ಪದ್ಧತಿ ಇದೆ. ಯಾರು ಬೇಕಾದರೂ ಎದ್ದು ನಿಂತು ಇಂಥವರ ಆತ್ಮಕ್ಕೆ ಎಂದರೆ ಎಲ್ಲರೂ ಸೇರಿ ಅವರಿಗಾಗಿ ಒಂದು ಪ್ರಾರ್ಥನೆ ಹೇಳಬೇಕು. ಮೂವತ್ತು ವರ್ಷ ಒನೊಫ್ರೆಯ ಹೆಸರನ್ನು ಯಾರೂ ಕರೆಯಲಿಲ್ಲ. ಆಣೆ ಮುರಿದವನ ಹೆಸರು ಆ ಸೂರಿನಡಿ ಬೇಡ ಎಂದು ಕೊಸ್ಮೆ ಹೇಳಿದ್ದ. ದೆಲ್ಫಿನಿಯಾ ಸಹ ಕರೆಯಲಿಲ್ಲ. ಪ್ರತಿವರ್ಷ ಆ ಪ್ರಾರ್ಥನಾಮನೆಗೆ ಗಿಲಾವು ಮಾಡುತ್ತಿದ್ದವಳು ಅವಳು. ಹೆಸರು ಕರೆಯುವ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದಳು.

ಮದುವೆಯಾಗಲಿಲ್ಲ. ತಾಯಿಯ ಜೊತೆಯಲ್ಲೇ ಇದ್ದಳು. ಇಬ್ಬರೂ ಒಂದೇ ಮೇಜಿನ ಮೇಲೆ ಉಂಡು, ಒಂದೇ ಟ್ರಕ್ಕಿನಲ್ಲಿ ಪೇಟೆಗೆ ಹೋಗಿ ಬಂದು, ಆ ಮಧ್ಯಾಹ್ನದ ಬಗ್ಗೆ ಒಂದು ಮಾತೂ ಆಡದೆ ಇಪ್ಪತ್ತೇಳು ವರ್ಷ ಕಳೆದರು. ಬಾಗಿಲಿನ ಎಡಗಡೆಯ ಗೋಡೆಗೆ ಮಾತ್ರ ಪಕ್ಕದ ಊರಿನಿಂದ ಬೇರೆಯವಳನ್ನು ಕರೆಸುತ್ತಿದ್ದರು.

ಮೂರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಇಗರ್ಜಿಯ ಗಿಲಾವು ನಡೆಯುವಾಗ ದೆಲ್ಫಿನಿಯಾ ಅಟ್ಟಣೆಯಿಂದ ಬಿದ್ದಳು. ಬಲಗೈಯಲ್ಲಿ ಹಿಡಿದಿದ್ದ ಮಣ್ಣು ಮೊದಲು ಜಾರಿತು, ಆಮೇಲೆ ಅವಳು. ಕೆಳಗೆ ಮಣ್ಣಿನ ಗುಡ್ಡೆ ಇದ್ದದ್ದರಿಂದ ಮೂಳೆ ಮುರಿಯಲಿಲ್ಲ. ಆದರೆ ಕೈ ಸೆಟೆದು ನಡುಗುತ್ತಿತ್ತು, ಬಾಯಿ ಒಂದು ಕಡೆ ಎಳೆದಿತ್ತು. ಹೆಂಗಸರು ಸುತ್ತ ನಿಂತರು. ನಡುಕ ನಿಂತ ಮೇಲೆ ಒಬ್ಬಳು ಬಗ್ಗಿದಳು, ಎಬ್ಬಿಸಲು ಎಂದುಕೊಂಡೆ. ಅವಳ ಮೂಗು ದೆಲ್ಫಿನಿಯಾಳ ಬಾಯಿಯ ಹತ್ತಿರ ಹೋಯಿತು.

ದೆಲ್ಫಿನಿಯಾ ಕಣ್ಣು ಬಿಟ್ಟು ಮೆಲ್ಲಗೆ ಹೇಳಿದಳು: "ಚೆನ್ನಾಗಿ ಮೂಸು ಕಣೆ. ಬೆಳಿಗ್ಗೆ ಬೀನ್ಸ್ ಕಾಳು, ಕೆಂಪು ಮೆಣಸಿನ ಸಾರು. ಸಾಲದಿದ್ರೆ ಕೆಳಗಡೆನೂ ಮೂಸು."

ಅವಳನ್ನು ಅಲ್ಬುಕರ್ಕಿಗೆ ಕರೆದುಕೊಂಡು ಹೋದವಳು ನಾನು. ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದಳು. ಮೆದುಳಿನಲ್ಲಿ ಅಲ್ಲಲ್ಲಿ ಸಣ್ಣ ಹಿಪ್ಪುನೇರಳೆ ಹಣ್ಣಿನಂಥ ಗಂಟುಗಳು, ಹತ್ತೊಂಬತ್ತು. ರಕ್ತನಾಳಗಳು ಸರಿಯಾಗಿ ರೂಪುಗೊಳ್ಳದೆ ತೆಳುವಾಗಿ ಉಬ್ಬಿ ಗೊಂಚಲಾಗಿವೆ, ಕೆಲವು ಆಗಾಗ ಜಿನುಗುತ್ತವೆ ಎಂದಳು. ಜಿನುಗಿದಾಗ ಸೆಳವು ಬರಬಹುದು, ಕೈಕಾಲು ಎಳೆಯಬಹುದು, ಮಾತು ತೊದಲಬಹುದು. ಒಡೆದರೆ ಸಾಯಲೂಬಹುದು. ಇದು ವಂಶದಲ್ಲಿ ಬರುವುದು, ನಿಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಬಹಳ ಇದೆ, ಎಲ್ಲರಿಗೂ ಒಂದೇ ಬಗೆಯ ದೋಷ, ಬಹುಶಃ ಎಷ್ಟೋ ತಲೆಮಾರಿನ ಹಿಂದಿನ ಒಬ್ಬನೇ ಪೂರ್ವಜನಿಂದ ಬಂದದ್ದು ಎಂದಳು. ತಾಯಿಗೋ ತಂದೆಗೋ ಒಬ್ಬರಿಗೆ ಇದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದೂ ಇಡೀ ಆಯುಷ್ಯ ಏನೂ ಆಗದೆ ಬದುಕುವವರೂ ಇದ್ದಾರೆ.

ದೆಲ್ಫಿನಿಯಾ ಪರದೆಯನ್ನು ತನ್ನ ಕೆಲಸದ ಕಣ್ಣಿನಿಂದ ನೋಡಿದಳು. "ಒಳಗಡೆ ಮೆತ್ತಿದವಳು ಹುಲ್ಲು ಸರಿಯಾಗಿ ಬೆರೆಸಿಲ್ಲ" ಎಂದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. ಇದು ಇದ್ದವನು ಕುಡಿದವನ ಹಾಗೆ ಕಾಣುತ್ತಾನೆಯೇ? ಹೌದು, ಎಷ್ಟೋ ಜನರನ್ನು ಹಾಗೆಂದುಕೊಳ್ಳುತ್ತಾರೆ ಎಂದಳು ಡಾಕ್ಟರಮ್ಮ. ಎರಡು ಗಂಟೆಯ ದಾರಿ. ವಾಪಸು ಬರುವಾಗ, ಎಸ್ಪನ್ಯೋಲಾ ಪೇಟೆ ದಾಟಿದ ಮೇಲೆ, ಅವಳು ಮಾತು ತೆಗೆದಳು.

"ಅಮ್ಮನ ರಕ್ತ ನೋಡಿಸ್ಬೇಕು" ಎಂದಳು. "ಅಮ್ಮಂಗೆ ಇಲ್ಲ ಅಂತಾದ್ರೆ ಇದು ಅಪ್ಪಂದು. ಅಪ್ಪಂಗಿತ್ತು ಅಂದ್ರೆ ಅವತ್ತು ಅವನು ಕುಡಿದಿರ್ಲಿಲ್ಲ."

ಹಾಗಾದರೆ ನಿನಗೇ ಕಷ್ಟವಲ್ಲವೇ, ಅಗುಳಿ ಹಾಕಿದವಳು ನೀನು, ತಿಳಿಯದೆ ಇರುವುದೇ ಮೇಲಲ್ಲವೇ ಎಂದೆ.

"ಕೊಂದಿದ್ದಂತೂ ನಾನೇ" ಎಂದಳು. "ಯಾರನ್ನ ಕೊಂದೆ ಅಂತ ಗೊತ್ತಾಗ್ಬೇಕು ಅಷ್ಟೆ. ಕುಡುಕನ್ನೋ, ನಮ್ಮಪ್ಪನ್ನೋ."

ರುಜುವಾತು ಸಿಕ್ಕರೆ ಶುಭ ಶುಕ್ರವಾರದ ದಿನ ಎದ್ದು ನಿಂತು ಅವನ ಹೆಸರು ಕರೆಯುತ್ತೇನೆ ಎಂದಳು. ಅನುಮಾನ ಇಟ್ಟುಕೊಂಡು ಕರೆಯುವುದಿಲ್ಲ.

ರೊಸಾವ್ರಾ ಒಪ್ಪಲಿಲ್ಲ. ಆಗ ಅವಳಿಗೆ ಎಪ್ಪತ್ತೊಂಬತ್ತು, ಕಣ್ಣು ಕಿವಿ ಎಲ್ಲ ಚುರುಕು, ಒಂದು ದಿನ ತಲೆನೋವು ಎಂದು ಮಲಗಿದವಳಲ್ಲ. ನೀನು ಗಂಡಸರ ಅಟ್ಟಣೆ ಹತ್ತಿ ತಲೆಗೆ ಪೆಟ್ಟು ಮಾಡಿಕೊಂಡೆ, ಅದಕ್ಕೆ ಈ ಗಂಟುಗಳು ಎಂದಳು. ನಮ್ಮ ಮನೆತನದ ರಕ್ತ ನೋಡಲು ಯಾವ ಡಾಕ್ಟರೂ ಬೇಡ ಎಂದಳು. ಊರಲ್ಲಿ ಮಾತ್ರ ಬೇರೆ ಮಾತಿತ್ತು. ಕಾಯಿಲೆ ತಂದವನು ಒನೊಫ್ರೆಯೇ, ಗೊತ್ತುಗುರಿಯಿಲ್ಲದ ರಕ್ತ. ಹಾಗಾದರೆ ಅವನು ಕಾಯಿಲೆಯವನು, ಕುಡಿದಿರಲಿಲ್ಲ ಅಲ್ಲವೇ ಎಂದು ನಾನೊಮ್ಮೆ ಕೊಸ್ಮೆಯನ್ನು ಕೇಳಿದೆ. ಎರಡೂ ಇರಬಾರದೇ ಎಂದ ಅವನು.

ಮೂರು ವರ್ಷ ದೆಲ್ಫಿನಿಯಾ ತಾಯಿಯನ್ನು ಕೇಳಿದಳು. ಅಡುಗೆಮನೆಯಲ್ಲಿ, ಟ್ರಕ್ಕಿನಲ್ಲಿ, ಅಂಗಳದ ಮಣ್ಣಿನ ಒಲೆಯ ಮುಂದೆ ರೊಟ್ಟಿ ತೆಗೆಯುವಾಗ. ಒಂದು ಸಲ ನಾನು ಅಲ್ಲಿಯೇ ಇದ್ದೆ. ತಾಯಿ ಒಲೆಯೊಳಗೆ ಮರದ ಸಲಿಕೆ ಹಾಕಿಕೊಂಡೇ ಉತ್ತರ ಕೊಟ್ಟಳು.

"ನನ್ ರಕ್ತ ಚೆನ್ನಾಗಿದ್ರೆ ನಾನು ಗಂಡನ್ನ ಕೊಂದವಳು. ಅದನ್ನ ನನ್ ಕೈಯಲ್ಲೇ ಬರಸ್ಕೊಡ್ಬೇಕಾ ನಿಂಗೆ?"

"ಬರೆದು ಕೊಡೋದೇನಮ್ಮಾ. ಅಗುಳಿ ಹಾಕ್ದೋಳು ನಾನು."

"ಹಾಕು ಅಂದೋಳು ನಾನು. ನೀನ್ ಸಾಯ್ತೀಯ, ನಿಂಗೇನು. ನಾನ್ ಇಲ್ಲೇ ಇರ್ಬೇಕು."

ಇಬ್ಬರೂ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿದರು. ನನಗೂ ಎರಡು ಕೊಟ್ಟರು.

ಆ ಮೂರು ವರ್ಷ ದೆಲ್ಫಿನಿಯಾ ಅಟ್ಟಣೆ ಹತ್ತದೆ ಗೋಡೆಗಳ ಕೆಳಭಾಗ ಮಾತ್ರ ಮೆತ್ತಿದಳು. ಸೆಳವಿಗೆ ಮಾತ್ರೆ ನುಂಗುತ್ತಿದ್ದಳು. ಬಲಗೈ ಸೋತ ದಿನ ಎಡಗೈಯಲ್ಲಿ ಮೆತ್ತುತ್ತಿದ್ದಳು. ಎಡಗೈಯಲ್ಲಿ ಮೆತ್ತಿದ್ದು ಬಿಸಿಲು ಓರೆಯಾದಾಗ ಗೊತ್ತಾಗುತ್ತದೆ, ಬೆರಳಿನ ಗುರುತು ಎದುರು ದಿಕ್ಕಿಗೆ ಬಾಗಿರುತ್ತದೆ. ನನ್ನ ಕೋಳಿಗೂಡಿನ ಗೋಡೆ ಹಾಗಿದೆ. ಕೆಲವರು ಅವಳನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಅವಳು ಮುಟ್ಟಿದ ಮಣ್ಣಿನಿಂದ ಕಾಯಿಲೆ ಬರುವುದಿಲ್ಲ ಎಂದು ನಾನು ವಾದಿಸಿದೆ. ಗೊತ್ತು, ಆದರೂ ಮಕ್ಕಳಿರುವ ಮನೆ ಎಂದರು.

ಈ ಫೆಬ್ರವರಿಯ ಮೊದಲ ವಾರ ಒಂದು ಗಂಟು ಒಡೆಯಿತು. ಆಸ್ಪತ್ರೆ ತಲುಪುವ ಹೊತ್ತಿಗೆ ಬಲಭಾಗವೆಲ್ಲ ಹೋಗಿತ್ತು. ಅದು ಇರುವ ಜಾಗ ಆಳವಾದದ್ದು, ಚಾಕು ಹಾಕಲಾಗದು ಎಂದರು. ಮಾತು ಇತ್ತು, ಆದರೆ ತೊದಲು. ನಾನು ಕಿವಿಗೊಟ್ಟು ಕೇಳಿದರೆ ಹತ್ತರಲ್ಲಿ ನಾಲ್ಕು ಶಬ್ದ ತಿಳಿಯುತ್ತಿತ್ತು.

ಮೂರನೆಯ ದಿನ ರೊಸಾವ್ರಾ ಬಂದಳು. ಕಪ್ಪು ಶಾಲು ಹೊದ್ದು ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಮಗಳು ಕಣ್ಣು ಅವಳ ಕಡೆ ಹೊರಳಿಸಿದಳು. ಆಮೇಲೆ ಹೇಳಿದಳು, ಆ ದಿನಗಳಲ್ಲಿ ನಾನು ಪೂರ್ತಿ ಅರ್ಥಮಾಡಿಕೊಂಡ ಒಂದೇ ಮಾತು ಅದು:

"ರೊಸಾವ್ರಾ, ನಾನು ಕುಡಿದಿಲ್ಲ."

ತಾಯಿಯನ್ನು ಅವಳು ಎಂದೂ ಹೆಸರು ಹಿಡಿದು ಕರೆದವಳಲ್ಲ. ಬೇಕೆಂದೇ ಅಂದಳೋ, ಮೆದುಳು ಎಲ್ಲಿಂದಲೋ ಎತ್ತಿ ಕೊಟ್ಟಿತೋ, ನನಗೆ ತಿಳಿಯದು. ಸರಿಯಿದ್ದ ಕಣ್ಣು ತಾಯಿಯ ಮುಖವನ್ನೇ ನೋಡುತ್ತಿತ್ತು. ಬೇಕೆಂದೇ ಅಂದಳು ಎನ್ನುತ್ತದೆ ನನ್ನ ಮನಸ್ಸು. ಅವಳು ಅಂಥವಳೇ.

ರೊಸಾವ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮೂವತ್ತು ವರ್ಷದ ಹಿಂದೆ ಬಾಗಿಲ ಆಚೆಯಿಂದ ಕೇಳಿದ ದನಿಯೇ ಅದು, ಅದೇ ದಪ್ಪ ನಾಲಿಗೆ. ಮಗಳು ಮೂರು ದಿನದಿಂದ ನೀರು ಬಿಟ್ಟು ಬೇರೇನೂ ಕುಡಿದಿರಲಿಲ್ಲ. ತಾಯಿ ತಿರುಗಿ ನರ್ಸುಗಳ ಮೇಜಿನ ಬಳಿಗೆ ಹೋದಳು. ತೋಳಿನ ಬಟ್ಟೆಯನ್ನು ಮೊಣಕೈವರೆಗೆ ಮಡಚಿ ಮೇಜಿನ ಮೇಲೆ ಕೈ ಇಟ್ಟಳು. ಅವಳಿಗೆ ಇಂಗ್ಲಿಷ್ ಬಾರದು. ಏನು ಬೇಕೆಂದು ನಾನು ಹೋಗಿ ಹೇಳಬೇಕಾಯಿತು. ಡಾಕ್ಟರಮ್ಮನನ್ನು ಕರೆಸಿದರು, ಅವಳು ಎಲ್ಲ ವಿವರಿಸಿದ ಮೇಲೆ ರಕ್ತ ತೆಗೆದುಕೊಂಡರು. ಫಲಿತಾಂಶಕ್ಕೆ ವಾರಗಳೇ ಬೇಕು ಎಂದರು.

ದೆಲ್ಫಿನಿಯಾಗೆ ಹೇಳಿದೆ, ಅಮ್ಮ ರಕ್ತ ಕೊಟ್ಟರು ಎಂದು. ಎಡಗೈಯಿಂದ ನನ್ನ ಕೆನ್ನೆ ತೀಡಿದಳು, ಗೋಡೆ ತೀಡುವ ಹಾಗೆ. ಹನ್ನೊಂದನೆಯ ದಿನ ಇನ್ನೊಂದು ಗಂಟು ಒಡೆದು ಹೋದಳು.

ಕಾಗದ ಬಂದದ್ದು ಮಾರ್ಚ್ ಮೂರನೆಯ ವಾರ. ರೊಸಾವ್ರಾ ಒಡೆಯದೆ ಇಟ್ಟುಕೊಂಡು ನನಗೆ ಹೇಳಿಕಳಿಸಿದಳು. ಅಡುಗೆಮನೆಯಲ್ಲಿ ಅವಳ ಎದುರು ಕೂತು ಓದಿದೆ. ಮೊದಲು ನನಗಾಗಿ ಓದಿಕೊಂಡೆ. ಆಗ ಸುಳ್ಳು ಹೇಳಬಹುದಿತ್ತು. ದೊಡ್ಡಮ್ಮ, ನಿಮ್ಮ ರಕ್ತ ಸ್ವಚ್ಛ ಎಂದಿದ್ದರೆ ಬರುವ ಶುಭ ಶುಕ್ರವಾರವೇ ಒನೊಫ್ರೆಯ ಹೆಸರು ಕರೆಯಬಹುದಿತ್ತು, ಇವಳು ಉಳಿದ ದಿನವೆಲ್ಲ ಆ ಬಾಗಿಲಿನ ಒಳಗೆ ಕೂತು ಗಂಡನ ಉಗುರಿನ ಕೆರೆತ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಹಾಗಾಗಲಿ ಎಂದು ನನಗೆ ಆಸೆಯೂ ಆಯಿತು. ಆದರೆ ದೆಲ್ಫಿನಿಯಾ ಕೇಳಿದ್ದು ನಿಜವನ್ನು.

"ನಿಮಗಿದೆ, ದೊಡ್ಡಮ್ಮ" ಎಂದೆ. "ಅದೇ ದೋಷ."

ಅವಳು ಸ್ವಲ್ಪ ಹೊತ್ತು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿದಳು.

"ಹಾಗಾದ್ರೆ ಅವನು ಕುಡಿದಿದ್ದ" ಎಂದಳು.

ಕಾಗದ ಹಾಗೆ ಹೇಳುವುದಿಲ್ಲ ಎಂದೆ. ಒನೊಫ್ರೆಗೆ ಇತ್ತೋ ಇಲ್ಲವೋ, ಬೇರೇನು ಕಾಯಿಲೆ ಇತ್ತೋ, ಇದರಿಂದ ತಿಳಿಯುವುದಿಲ್ಲ. ಇದು ಹೇಳುವುದು ದೆಲ್ಫಿನಿಯಾಗೆ ನಿಮ್ಮಿಂದ ಬಂತು ಎಂದಷ್ಟೇ. ನಿಮ್ಮ ಅಣ್ಣನಿಗೂ ಇರಬಹುದು, ಅವನ ಮಕ್ಕಳು ಮೊಮ್ಮಕ್ಕಳೂ ತೋರಿಸಿಕೊಳ್ಳಬೇಕು. ಎಲ್ಲವನ್ನೂ ಬಿಡಿಸಿ, ಎರಡು ಸಲ ಹೇಳಿದೆ.

"ನನ್ನಿಂದ" ಎಂದಳು. "ಎಂಬತ್ತೆರಡಾಯ್ತು, ನಂಗೊಂದು ದಿನ ತಲೆ ನೋಯ್ಲಿಲ್ಲ."

ಆಮೇಲೆ ಎದ್ದು ಗೂಡಿನ ಹತ್ತಿರ ಹೋದಳು. ಸಂತ ಅಂತೋನಿಯನ್ನು ಎರಡೂ ಕೈಯಿಂದ ಹಿಡಿದು ಈ ಕಡೆ ತಿರುಗಿಸಿದಳು. ಮೂವತ್ತು ವರ್ಷ ಬೆಳಕು ಕಾಣದ ಮುಖದ ಬಣ್ಣ ಹೊಸದರಂತೆ ಇತ್ತು, ಬೆನ್ನಿನದು ಮಾತ್ರ ಒಲೆಯ ಹೊಗೆಗೆ ಕಪ್ಪಾಗಿತ್ತು. ಶಾಲಿನ ತುದಿಯಿಂದ ಅವನ ಮೂಗು ಒರೆಸಿದಳು. ಇದರಲ್ಲಿ ನಿಂದೇನೂ ತಪ್ಪಿರಲಿಲ್ಲಪ್ಪ ಎಂದು ಅವನಿಗೆ ಹೇಳಿದಳು. ಆಗ ನಾನು ಎದ್ದು ಬಂದೆ.

ಕಾಗದದ ಸುದ್ದಿಯನ್ನು ಕೊಸ್ಮೆಗೆ ನಾನೇ ಹೋಗಿ ಹೇಳಿದೆ. ಅವನಿಗೆ ನಾಲ್ಕು ಮಕ್ಕಳು, ಹನ್ನೊಂದು ಮೊಮ್ಮಕ್ಕಳು. ಅಂಗಳದಲ್ಲಿ ಶಿಲುಬೆಗೆ ಬಣ್ಣ ಹಚ್ಚುತ್ತಿದ್ದ, ಕೈ ನಿಲ್ಲಿಸಲಿಲ್ಲ. ಹನ್ನೊಂದರಲ್ಲಿ ಮೂವರು ಮದುವೆಗೆ ಬಂದವರು, ಈ ಮಾತು ನಿನ್ನಲ್ಲೇ ಇರಲಿ ಎಂದ. ಮಕ್ಕಳ ಜೀವದ ಪ್ರಶ್ನೆ ಎಂದೆ. ಊರಿಗೆ ಗೊತ್ತಿರುವುದು ಗೊತ್ತಿರುವ ಹಾಗೇ ಇರಲಿ ಎಂದ. ಊರಿಗೆ ಗೊತ್ತಿರುವುದು ಅಂದರೆ, ಕಾಯಿಲೆ ತಂದವನು ಒನೊಫ್ರೆ, ಅವನು ಕುಡುಕ. ನಾನು ಅವನ ಹಿರಿಯ ಸೊಸೆಯ ಕೈಗೆ ಡಾಕ್ಟರಮ್ಮನ ವಿಳಾಸ ಬರೆದು ಕೊಟ್ಟೆ. ಅವಳು ಅದನ್ನು ನೋಡಿ, ಮಾವನ ಮುಖ ನೋಡಿ, ಒಲೆಗೆ ಹಾಕಿದಳು.

ಶುಭ ಶುಕ್ರವಾರ ಮಧ್ಯಾಹ್ನ ಪ್ರಾರ್ಥನಾಮನೆ ತುಂಬಿತ್ತು. ಒಳಗಿನ ಗೋಡೆಗಳ ಕೆಳಭಾಗದಲ್ಲಿ ಕಳೆದ ವರ್ಷದ ಎಡಗೈ ಗುರುತುಗಳು. ಕೊಸ್ಮೆ ಮೊದಲು ಈ ವರ್ಷ ಸತ್ತವರನ್ನು ಕರೆದ. ರೊಸಾವ್ರಾ ವಾಯೆಹೋಸಳ ಮಗಳು ದೆಲ್ಫಿನಿಯಾಳ ಆತ್ಮಕ್ಕೆ ಎಂದ. ತಂದೆಯ ಹೆಸರಿಲ್ಲ. ಎಲ್ಲರೂ ಪ್ರಾರ್ಥನೆ ಹೇಳಿದರು. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ತಮ್ಮವರ ಹೆಸರು ಕರೆದರು. ನಾನೂ ಎದ್ದೆ. ರುಜುವಾತು ಇರಲಿಲ್ಲ, ದೆಲ್ಫಿನಿಯಾ ಇದ್ದಿದ್ದರೆ ಬೇಡ ಎನ್ನುತ್ತಿದ್ದಳು.

"ದೆಲ್ಫಿನಿಯಾಳ ತಂದೆ ಒನೊಫ್ರೆ ಮೊಂದ್ರಾಗೋನ್. ಅವನ ಆತ್ಮಕ್ಕೆ" ಎಂದೆ.

ಹೆಸರು ಕರೆದ ಮೇಲೆ ಪ್ರಾರ್ಥನೆ ಹೇಳದೆ ಇರುವಂತಿಲ್ಲ, ಹೇಳಲೂ ಯಾರಿಗೂ ಧೈರ್ಯವಿಲ್ಲ. ಎಲ್ಲರೂ ಕೊಸ್ಮೆಯ ಕಡೆ ನೋಡಿದರು. ಕೊಸ್ಮೆ ತಂಗಿಯ ಕಡೆ ನೋಡಿದ. ರೊಸಾವ್ರಾ ಮುಂದಿನ ಬೆಂಚಿನಿಂದ ಏಳಲೂ ಇಲ್ಲ, ತಿರುಗಲೂ ಇಲ್ಲ. ಅಡುಗೆಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದಳು:

"ಅವನಿಗೆ ಬೇಡ. ನನ್ ಮಗಳಿಗೇ ಇನ್ನೊಂದು ಹೇಳಿ."

ಎಲ್ಲರಿಗೂ ಹಗುರವಾಯಿತು. ಕೂಡಲೇ ಶುರುಮಾಡಿದರು, ಎಂದಿಗಿಂತ ಜೋರಾಗಿ. ನಾನು ನಿಂತೇ ಇದ್ದೆ, ಮೊದಲ ಸಾಲು ಮುಗಿಯುವವರೆಗೆ. ಆಮೇಲೆ ಕೂತು ಅವರ ಜೊತೆ ಹೇಳಿದೆ. ದೆಲ್ಫಿನಿಯಾಗೆ ಅವತ್ತು ಎರಡು ಪ್ರಾರ್ಥನೆಗಳಾದವು.

ರೊಸಾವ್ರಾಳ ಬಾಗಿಲಿನ ಎಡಗಡೆಯ ಗೋಡೆಗೆ ಈ ಸಲ ಯಾರೂ ಬಂದಿಲ್ಲ. ಚಳಿಗಾಲದ ಹಿಮಕ್ಕೆ ಗಿಲಾವು ಹೆಕ್ಕಳೆ ಎದ್ದು ಬಿದ್ದಿದೆ, ಮೊಣಕಾಲೆತ್ತರದಲ್ಲಿ ಇಟ್ಟಿಗೆ ಕಾಣುತ್ತಿದೆ. ಮೆತ್ತಿಕೊಡು, ನೀನು ಅವಳ ಜೊತೆ ಕೆಲಸದಲ್ಲಿ ಇದ್ದವಳಲ್ಲವೇ, ಅಷ್ಟಾದರೂ ಕೈಗೆ ಬರುತ್ತದೆ ಎಂದು ಮೊನ್ನೆ ನನ್ನನ್ನು ಕೇಳಿದಳು. ನನಗೆ ಆ ಕೆಲಸ ಬರುವುದಿಲ್ಲ ಎಂದೆ. ಬರುತ್ತದೆ.